ಕುದುರೆಯ ಹೊಟ್ಟೆಯೊಳಗಿನ ಸದ್ದು

"ನಿನ್ನ ಕುದುರೆ ಹೊಟ್ಟೇಲಿ ಏನೋ ಲೊಟಲೊಟ ಅಂತಿದೆ ಕಣೋ" ಎಂದು ಅಕ್ಕ ಫೋನು ಮಾಡಿದಾಗ ಮೊದಲು ನಕ್ಕುಬಿಟ್ಟೆ. ಜೀವವಿರುವ ಕುದುರೆಯಾಗಿದ್ದರೆ ಹೊಟ್ಟೆನೋವು ಅಂದುಕೊಳ್ಳಬಹುದಿತ್ತು. ಇದು ಮರದ್ದು. ಎರಡು ವರ್ಷದ ಹಿಂದೆ ನಾನೇ ಮಾಡಿ, ನಾನೇ ಹೊತ್ತುಕೊಂಡು ಹೋಗಿ ಅವರ ಮನೆಯ ನಡುಕೋಣೆಯಲ್ಲಿ ಇಳಿಸಿ ಬಂದದ್ದು. ನಕ್ಕು ಮುಗಿಯುವಷ್ಟರಲ್ಲಿ ಎದೆಯಲ್ಲಿ ಸಣ್ಣಗೆ ಅಳುಕು ಶುರುವಾಯಿತು. ಆ ಹೊಟ್ಟೆಯನ್ನು ಮುಚ್ಚಿದವನು ನಾನು. ಮುಚ್ಚುವ ಮೊದಲು ಒಳಗೆ ಏನಿಟ್ಟಿದ್ದೇನೆ ಎನ್ನುವುದು ನನಗೂ ಅಮ್ಮನಿಗೂ ಬಿಟ್ಟರೆ ಇನ್ನೊಬ್ಬರಿಗೆ ಗೊತ್ತಿಲ್ಲ. ಇಟ್ಟದ್ದು ಅಲುಗಾಡದಂತೆ ಬಟ್ಟೆಯಲ್ಲಿ ಸುತ್ತಿ, ಬೆನ್ನಿನ ಹಲಗೆಯ ಒಳಮೈಗೆ ಪಟ್ಟಿ ಹೊಡೆದು ಕೂರಿಸಿದ್ದೆ. ಅದು ಕಳಚಿಬಿತ್ತೇ?

"ಫೋನು ಅದರ ಹೊಟ್ಟೆ ಹತ್ತಿರ ಹಿಡಿ. ಹಿಡಿದು ಮೆಲ್ಲಗೆ ತೂಗು" ಅಂದೆ. ಅಕ್ಕ ಬೈದುಕೊಳ್ಳುತ್ತಲೇ ಹಿಡಿದಳು. ಕಿರ್ರ್ ಎಂದು ಸ್ಟ್ಯಾಂಡಿನ ಕಬ್ಬಿಣ ತಿರುಗಿದ ಸದ್ದು, ಅದರ ಹಿಂದೆಯೇ ಏನೋ ಉರುಳಿ ಮುಂದಕ್ಕೆ ಹೋಗಿ ಬಡಿದ ಸದ್ದು, ಮತ್ತೆ ಉರುಳಿ ಹಿಂದಕ್ಕೆ. ಕಬ್ಬಿಣವೋ ಮರವೋ ತಿಳಿಯಲಿಲ್ಲ. "ಇನ್ನೊಂದು ಸಲ" ಅಂದೆ. "ನನಗೆ ಬೇರೆ ಕೆಲಸ ಇಲ್ಲ ನೋಡು" ಅಂದಳು, ಆದರೂ ತೂಗಿದಳು. ಈ ಸಲ ಕೇಳಿದ್ದು ಒಂದೇ ವಸ್ತುವಿನ ಸದ್ದಲ್ಲ ಅನ್ನಿಸಿತು. ಒಣಗಿದ ಅಂಟಿನ ಉಂಡೆಯೋ, ಉಳಿಯ ಚಕ್ಕೆಯೋ ಒಳಗೇ ಉಳಿದಿರಬೇಕು ಎಂದು ಅವಳಿಗೆ ಸಮಾಧಾನ ಹೇಳಿ ಫೋನಿಟ್ಟೆ. ಎರಡು ವರ್ಷ ಸುಮ್ಮನಿದ್ದ ಅಂಟಿನ ಉಂಡೆಗೆ ಈಗ ಯಾಕೆ ಬಾಯಿ ಬಂತು ಎನ್ನುವ ಪ್ರಶ್ನೆ ಮಾತ್ರ ಮೂರು ವಾರ ನನ್ನನ್ನು ಬಿಡಲಿಲ್ಲ. ಬೇರೇನೋ ಮಾಡುತ್ತಿರುವಾಗ, ಸ್ನಾನದ ಮನೆಯಲ್ಲಿ, ನಿದ್ದೆ ಬರುವ ಹೊತ್ತಿಗೆ, ಲೊಟ್ ಎಂದು ಬಂದು ಬಡಿಯುತ್ತಿತ್ತು.

ಮೊಳೆ ತುಂಬಿದ ಮಂಚ

ಕುದುರೆ ಮಾಡಬೇಕು ಎಂದು ನಾನು ಹೊರಟದ್ದೇ ಅಲ್ಲ. ಹೊರಟದ್ದು ಒಂದು ಮಂಚವನ್ನು ಉಳಿಸಲು. ಅಜ್ಜಿಯ ಕಾಲದ ತೇಗದ ಮಂಚ. ನಮ್ಮ ಕುಟುಂಬದ ಎರಡು ತಲೆಮಾರಿನ ಹೆರಿಗೆಗಳೆಲ್ಲ ಅದರ ಮೇಲೇ ಆದವು. ಆಸ್ಪತ್ರೆಯ ಕಾಲ ಬಂದ ಮೇಲೆ ಅದು ಹಾಸಿಗೆ ಪೇರಿಸುವ ಜಾಗವಾಯಿತು, ಆಮೇಲೆ ಹಳೇ ಪೇಪರಿನದ್ದು, ಕೊನೆಗೆ ಯಾರಿಗೂ ಬೇಡವಾದದ್ದು. ಅಕ್ಕ ಬಸುರಿ ಎಂದು ಗೊತ್ತಾದ ವಾರವೇ ಆ ಮಂಚವನ್ನು ಸೌದೆಗೆ ಕೊಡುವ ಮಾತು ಮನೆಯಲ್ಲಿ ಬಂದಿತ್ತು. ಎರಡೂ ಸುದ್ದಿ ಒಟ್ಟಿಗೆ ಕಿವಿಗೆ ಬಿದ್ದದ್ದಕ್ಕೋ ಏನೋ, ಆ ಮರದಲ್ಲೇ ಮಗುವಿಗೊಂದು ತೂಗುಕುದುರೆ ಮಾಡಿಕೊಡುತ್ತೇನೆ ಎಂದು ಘೋಷಿಸಿಬಿಟ್ಟೆ. ಆಗ ನನ್ನ ಮರಗೆಲಸದ ವಿದ್ಯೆ ಎಂದರೆ ಎರಡು ಸ್ಟೂಲು ಮತ್ತು ಒಂದು ವಾಲಿದ ಪುಸ್ತಕದ ಕಪಾಟು.

ನನಗೆ ಉಳಿ ಹಿಡಿಯಲು ಕಲಿಸಿದವರನ್ನು ನಾವೆಲ್ಲ ಮೇಷ್ಟ್ರು ಎನ್ನುತ್ತೇವೆ. ಮಂಚವನ್ನು ಅವರ ಕೊಟ್ಟಿಗೆಗೆ ಸಾಗಿಸಿ, ಅದರ ಚರಿತ್ರೆಯನ್ನೆಲ್ಲ ಭಾವುಕನಾಗಿ ಹೇಳಿದೆ. ಅವರು ಕೇಳಿಸಿಕೊಳ್ಳುತ್ತಲೇ ಹಲಗೆಯ ಮೇಲೆ ಬೆರಳಾಡಿಸುತ್ತಿದ್ದರು. ನನ್ನ ಮಾತು ಮುಗಿದ ಮೇಲೆ "ಮರಕ್ಕೆ ನೆನಪಿರಲ್ಲಪ್ಪ, ಮೊಳೆ ಇರುತ್ತೆ" ಅಂದರು.

ಇತ್ತು ಕೂಡ. ಅಯಸ್ಕಾಂತ ಹಿಡಿದು ಹುಡುಕಿದರೆ ಅಡಿ ಅಡಿಗೂ ಅಂಟಿಕೊಳ್ಳುತ್ತಿತ್ತು. ಒಂದೊಂದು ತಲೆಮಾರೂ ಅಲುಗಾಡಿದ ಕಡೆಯೆಲ್ಲ ಒಂದೊಂದು ಮೊಳೆ ಹೊಡೆದು ಕೈ ತೊಳೆದುಕೊಂಡಿತ್ತು. ಕೆಲವು ಕಮ್ಮಾರ ಬಡಿದು ಮಾಡಿದ ಚೌಕ ಮೊಳೆಗಳು, ಸುತ್ತಲ ಮರವನ್ನೆಲ್ಲ ಕಪ್ಪು ಮಾಡಿಕೊಂಡು ಕುಳಿತವು. ಗರಗಸ ಒಂದಕ್ಕೆ ತಾಗಿದರೆ ಹಲ್ಲು ಹೋಯಿತೆಂದೇ ಲೆಕ್ಕ. ಮೊಳೆ ಇಲ್ಲದ ಕಡೆ ಹುಳು ತಿಂದು ಸುರಂಗ ಕೊರೆದಿತ್ತು. ಕುದುರೆಯ ತಲೆಗೆ ಬೇಕಾದಷ್ಟು ದಪ್ಪದ ಮರ ಆ ಮಂಚದಲ್ಲಿ ಎಲ್ಲೂ ಇರಲಿಲ್ಲ. ಅದೂ ಅಲ್ಲದೆ ಹಳೆಯ ತೇಗ ಕೆತ್ತುವಾಗ ಉಳಿಯ ಅಲಗನ್ನು ಬೇಗ ಮೊಂಡು ಮಾಡುತ್ತದೆ. ಎಂಟು ದಿನ ಕುಯ್ದು, ಕಿತ್ತು, ಕೀಸಿದ ಮೇಲೆ ಕೊನೆಗೆ ಸಿಕ್ಕಿದ್ದು ಒಂದೇ ಒಂದು ಒಳ್ಳೆಯ ಹಲಗೆ. ಅದರ ನಡುವೆಯೂ ಒಂದು ಮೊಳೆಯ ತೂತು. ಕಿರುಬೆರಳ ತುದಿ ಹೋಗುವಷ್ಟು ದೊಡ್ಡದು.

"ಇದನ್ನ ಹೊಟ್ಟೆ ಕೆಳಗೆ ಹಾಕು. ಯಾರಿಗೂ ಕಾಣಲ್ಲ" ಅಂದರು ಮೇಷ್ಟ್ರು. ನನಗೆ ಅಳು ಬರುವುದೊಂದು ಬಾಕಿ. ಇಡೀ ಮಂಚ ಕುದುರೆಯಾಗುತ್ತದೆ ಎಂದುಕೊಂಡಿದ್ದವನಿಗೆ ಅದರ ಹತ್ತನೇ ಒಂದು ಪಾಲು, ಅದೂ ಕಣ್ಣಿಗೆ ಬೀಳದ ಜಾಗದಲ್ಲಿ. ಈಗ ಯೋಚಿಸಿದರೆ ಸ್ಮರಣೆಯ ವಸ್ತು ಮಾಡಲು ಹೊರಟವರೆಲ್ಲ ಎಡವುವುದು ಇಲ್ಲೇ ಅನ್ನಿಸುತ್ತದೆ. ನೆನಪು ದೊಡ್ಡದು ಎಂದು ಮರವೂ ಗಟ್ಟಿಯಾಗಿರಬೇಕೆಂದೇನಿಲ್ಲವಲ್ಲ. ಮಗು ಹತ್ತಿ ಕೂರುವ ಕುದುರೆಯ ಕಾಲು ಮುರಿದರೆ, ಅದು ಅಜ್ಜಿಯ ಮಂಚದ್ದು ಎನ್ನುವ ಸಮಾಧಾನ ಯಾರಿಗೆ ಬೇಕು? ಉಳಿದ ಮರವನ್ನೆಲ್ಲ ಹೊಸದಾಗಿ ತಂದೆವು.

ಟೊಳ್ಳು ಹೊಟ್ಟೆ

ನೋಡಿದವರು ಹೆಚ್ಚಾಗಿ ಇಂಥ ಕುದುರೆಯನ್ನು ಒಂದೇ ದಿಮ್ಮಿಯಿಂದ ಕೆತ್ತಿದ್ದು ಎಂದುಕೊಳ್ಳುತ್ತಾರೆ. ನಾನೂ ಹಾಗೇ ತಿಳಿದಿದ್ದೆ. ದಿಮ್ಮಿಯಿಂದ ಕೆತ್ತಿದರೆ ಅದು ಸೀಳುತ್ತದೆ. ಮರ ಒಣಗುವಾಗ ಹೊರಮೈ ಮೊದಲು ಒಣಗುತ್ತದೆ, ಒಳಗೆ ಹಸಿ ಉಳಿದಿರುತ್ತದೆ. ಜೊತೆಗೆ ಬೆಳವಣಿಗೆಯ ಉಂಗುರಗಳ ಗುಂಟ ಕುಗ್ಗುವಷ್ಟು ಉಂಗುರಗಳಿಗೆ ಅಡ್ಡಡ್ಡ ಕುಗ್ಗುವುದಿಲ್ಲ. ಈ ಎಳೆದಾಟದಲ್ಲಿ ಎಲ್ಲೋ ಒಂದು ಕಡೆ ಬಾಯಿ ಬಿಡಲೇಬೇಕು. ಅದಕ್ಕೇ ಬಲ್ಲವರು ಮೈಯನ್ನು ಪೆಟ್ಟಿಗೆಯ ಹಾಗೆ ಕಟ್ಟುತ್ತಾರೆ: ಕೆಳಗೊಂದು ಹಲಗೆ, ಮೇಲೊಂದು, ಪಕ್ಕಕ್ಕೆ ದಪ್ಪ ಹಲಗೆಗಳು, ಹಿಂದೆ ಮುಂದೆ ತುಂಡುಗಳು, ನಡುವೆ ಟೊಳ್ಳು. ಈ ಪೆಟ್ಟಿಗೆಯ ಹೊರಮೈಯನ್ನು ಕೆತ್ತಿ ಕೆತ್ತಿ ಪಕ್ಕೆ, ಸೊಂಟ, ಎದೆ ಮಾಡುವುದು. ಹಗುರ, ಸೀಳುವುದಿಲ್ಲ. ಕಾಲುಗಳಲ್ಲಿ ಮರದ ನಾರು ಕಾಲಿನ ಉದ್ದಕ್ಕೇ ಓಡಬೇಕು, ಅಡ್ಡ ಓಡಿದರೆ ಮೊದಲ ಜಿಗಿತಕ್ಕೇ ಲಟಕ್. ಕಿವಿಗೂ ಅದೇ ಮಾತು. ನನ್ನ ಕುದುರೆಯ ಎಡಗಿವಿ ಎರಡು ಸಲ ಉಳಿಗೆ ಎಗರಿಹೋಯಿತು. ಈಗಿರುವುದು ಮೂರನೆಯದು, ಬಲಗಿವಿಗಿಂತ ಕೂದಲೆಳೆ ಗಿಡ್ಡ. ಯಾರಿಗೂ ಹೇಳಿಲ್ಲ.

ತೇಗಕ್ಕೆ ಅಂಟು ಹಿಡಿಸುವುದೇ ಒಂದು ಪಾಡು. ಅದರೊಳಗಿನ ಎಣ್ಣೆ ಮೇಲೆ ಬಂದು ಅಂಟನ್ನು ಕೂರಗೊಡುವುದಿಲ್ಲ. ಹಲಗೆಯನ್ನು ಹೊಸದಾಗಿ ಕೀಸಿ, ಅಸಿಟೋನಿನಲ್ಲಿ ಒರೆಸಿ, ಅದು ಆರಿದ ಕೂಡಲೇ ಅಂಟು ಬಳಿದು ಕ್ಲಾಂಪು ಬಿಗಿಯಬೇಕು. ಮೇಷ್ಟ್ರು ಪಕ್ಕದಲ್ಲಿ ನಿಂತು "ಬೇಗ, ಬೇಗ" ಅನ್ನುತ್ತಿದ್ದರು. ಮೊಳೆಯ ತೂತಿಗೆ ಅದೇ ಮಂಚದ ಚೂರಿನಿಂದ ಒಂದು ಬಿರಡೆ ಕೆತ್ತಿ ಬಡಿದೆ. ಸುಭದ್ರವಾಗಿ ಕೂತಿತು. "ಅಂಟು ಹಾಕಿದೆಯಾ?" ಎಂದು ಕೇಳಿದರು. ಹೂಂ ಅಂದೆ. ಹಾಕಿದ್ದೆನೋ ಇಲ್ಲವೋ, ಆ ಗಡಿಬಿಡಿಯಲ್ಲಿ ನನಗೇ ನೆನಪಿರಲಿಲ್ಲ.

ಬೆನ್ನಿನ ಹಲಗೆ ಕೂರಿಸುವ ಮೊದಲು ಒಳಗೆ ಏನಾದರೂ ಇಡುವುದು ಈ ಕೆಲಸದಲ್ಲಿ ಇರುವ ಪದ್ಧತಿ. ಕೆಲವರು ಆ ದಿನದ ಪತ್ರಿಕೆ ಇಡುತ್ತಾರೆ, ಕೆಲವರು ನಾಣ್ಯ, ಕೆಲವರು ಕಾಗದ. ಮತ್ತೆ ತೆರೆಯಬೇಕೆಂದರೆ ಕುದುರೆಯನ್ನೇ ಕುಯ್ಯಬೇಕಾದ ಜಾಗದಲ್ಲಿ ಯಾರಿಗಾಗಿ ಇಡುತ್ತಾರೋ ಗೊತ್ತಿಲ್ಲ, ಇಡುವಾಗ ಮಾತ್ರ ಕೈ ನಡುಗುತ್ತದೆ. ನಾನು ಮೊದಲು ಮಗುವಿಗೆ ಎರಡು ಪುಟದ ಪತ್ರ ಬರೆದಿದ್ದೆ. ಮಾರನೇ ದಿನ ಓದಿದರೆ ಬಹುಮಾನ ವಿತರಣೆಯ ಭಾಷಣದ ಹಾಗಿತ್ತು, ಹರಿದು ಹಾಕಿದೆ. ಆಮೇಲೆ ಹೊಳೆದದ್ದು, ಆ ಮಂಚದ ಮೇಲೆ ಹುಟ್ಟಿದವರ ಹೆಸರು ಬರೆದಿಡುವುದು.

ಅಮ್ಮನನ್ನು ಕೇಳಿದೆ. ಅವಳು ಬೆರಳು ಮಡಚುತ್ತ ಹೇಳಿದಳು: ದೊಡ್ಡಪ್ಪ, ಅತ್ತೆ, ಅಪ್ಪ, ಇನ್ನೊಬ್ಬ ಚಿಕ್ಕಪ್ಪ, ಆಮೇಲಿನವರು. ಏಳಾಯಿತು. ನಾನು ಪೆನ್ನು ಮುಚ್ಚಿದೆ. ಅಮ್ಮನ ಬೆರಳು ಮಾತ್ರ ನಿಲ್ಲಲಿಲ್ಲ. "ಅತ್ತೆಮ್ಮನಿಗೆ ಮಧ್ಯದಲ್ಲಿ ಒಂದು ಗಂಡು ಆಗಿತ್ತು, ಎರಡು ವರ್ಷ ಇತ್ತು. ಅದಾದ ಮೇಲೆ ಒಂದು ಹೆಣ್ಣು, ಅದೂ ಉಳೀಲಿಲ್ಲ." ಇಬ್ಬರ ಹೆಸರೂ ಹೇಳಿದಳು. ನಾನು ಆವರೆಗೆ ಕೇಳಿಯೇ ಇರದ ಹೆಸರುಗಳು. "ಇನ್ನೆರಡಕ್ಕೆ ಹೆಸರಿಲ್ಲ. ಇಡೋ ಹೊತ್ತಿಗೇ ಹೋದವು." ಪಕ್ಕದಲ್ಲೇ ಕೂತಿದ್ದ ಅಕ್ಕ, ಆಗ ಒಂಬತ್ತು ತಿಂಗಳು ತುಂಬಿದವಳು, "ಅಮ್ಮಾ, ಬದುಕಿದವರದ್ದು ಸಾಕು. ಮಗು ಆಡೋ ಸಾಮಾನು ಅದು" ಅಂದಳು. ಅವಳ ಭಯ ನನಗೆ ಅರ್ಥವಾಗಿತ್ತು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ಅಕ್ಕ ಎದ್ದು ಒಳಗೆ ಹೋದ ಮೇಲೆ ನನಗೆ ಮಾತ್ರ ಕೇಳುವಂತೆ "ಹುಟ್ಟಿದ್ದು ಹನ್ನೊಂದು. ಹನ್ನೊಂದೂ ಬರಿ" ಅಂದಳು. ಬರೆದೆ. ಹೆಸರಿಲ್ಲದ ಎರಡು ಸಾಲುಗಳಲ್ಲಿ ಏನು ಬರೆಯುವುದೆಂದು ತಿಳಿಯದೆ ಬರೀ ಅಂಕಿ ಹಾಕಿ ಮುಂದೆ ಜಾಗ ಬಿಟ್ಟೆ. ಆ ಕಾಗದವನ್ನೂ ಮಂಚದ ಒಂದು ಚೌಕ ಮೊಳೆಯನ್ನೂ ಬಟ್ಟೆಯಲ್ಲಿ ಸುತ್ತಿ ಒಳಗೆ ಕೂರಿಸಿದೆ. ಸದ್ದು ಎಂದು ಅಕ್ಕ ಹೇಳಿದಾಗ ನನ್ನ ಜೀವ ಬಾಯಿಗೆ ಬಂದದ್ದು ಇದಕ್ಕೆ.

ಯಾವ ತಾರೀಖು?

ಮಗು ಹುಟ್ಟುವ ಹೊತ್ತಿಗೆ ಕುದುರೆಗೆ ತಲೆಯೇ ಬಂದಿರಲಿಲ್ಲ. ಅವಳು ಮಗುಚಿಕೊಳ್ಳುವಾಗ ತಲೆ ಬಂತು, ಅಂಬೆಗಾಲಿಡುವಾಗ ಕಾಲು. ಓಡಾಡಲು ಶುರು ಮಾಡಿದಾಗ ಜೆಸ್ಸೊ ಬಳಿಯುತ್ತಿದ್ದೆ. ಸೀಮೆಸುಣ್ಣದ ನುಣ್ಣನೆ ಪುಡಿಯನ್ನು ಬೆಚ್ಚಗಿನ ಅಂಟಿನಲ್ಲಿ ಕಲಸಿ ಪದರದ ಮೇಲೆ ಪದರ ಬಳಿಯುವುದು, ಪ್ರತಿ ಪದರವೂ ಆರಬೇಕು, ಆಮೇಲೆ ಉಪ್ಪು ಕಾಗದದಲ್ಲಿ ಉಜ್ಜಬೇಕು. ಹಳೆಯ ಕಾಲದವರು ಇದಕ್ಕೆ ಮೊಲದ ತೊಗಲಿನ ಅಂಟು ಬಳಸುತ್ತಿದ್ದರು. ಮರದ ಬೆಸುಗೆಗಳೆಲ್ಲ ಮುಚ್ಚಿ ಇಡೀ ಮೈ ಮೊಟ್ಟೆಯ ಚಿಪ್ಪಿನಂತಾಗುವ ತನಕ ಈ ಕೆಲಸ. ಹೊಟ್ಟೆಯ ಕೆಳಗಿನ ತೇಗದ ಹಲಗೆಗೆ ಮಾತ್ರ ಬಳಿಯಲಿಲ್ಲ. ಅಷ್ಟಾದರೂ ಬರಿಮೈ ಇರಲಿ ಎಂದು.

ಬಣ್ಣಕ್ಕೆ ನಾನು ಆರಿಸಿದ್ದು ಎಲ್ಲರೂ ಆರಿಸುವುದನ್ನೇ: ಬೂದು ಮೈ, ಅದರ ಮೇಲೆ ಮೋಡದಂಥ ಮಚ್ಚೆಗಳು. ವಿಕ್ಟೋರಿಯಾ ರಾಣಿ 1851ರಲ್ಲಿ ಲಿವರ್‌ಪೂಲ್‌ನ ಕಾಲಿನ್ಸನ್ ಎಂಬ ತಯಾರಕರ ಕಾರ್ಖಾನೆಗೆ ಹೋದಾಗ ಮಚ್ಚೆ ಬೂದು ಕುದುರೆಯನ್ನು ಮೆಚ್ಚಿದಳು, ಅಂದಿನಿಂದ ಆ ಬಣ್ಣವೇ ನಿಂತುಬಿಟ್ಟಿತು ಎಂದು ಕಥೆ ಹೇಳುತ್ತಾರೆ. ರಾಣಿಯರ ಬಗ್ಗೆ ಅಂಗಡಿಯವರು ಹೇಳುವ ಕಥೆಯನ್ನು ಎಷ್ಟು ನಂಬಬೇಕೋ ಅಷ್ಟೇ ನಂಬೋಣ. ನನಗೆ ಹಿಡಿಸಿದ್ದು ಬೇರೆ ಸಂಗತಿ. ನಿಜವಾದ ಬೂದು ಕುದುರೆ ಹುಟ್ಟುವಾಗ ಬೂದು ಇರುವುದಿಲ್ಲ. ಕಪ್ಪೋ ಕಂದೋ ಆಗಿ ಹುಟ್ಟಿ, ವರ್ಷ ವರ್ಷಕ್ಕೂ ಬಿಳಿಗೂದಲು ಬೆರೆಯುತ್ತ, ನಡುವೆ ಒಂದಷ್ಟು ಕಾಲ ಈ ಮಚ್ಚೆಗಳನ್ನು ಹೊತ್ತು, ಕೊನೆಗೆ ಪೂರ್ತಿ ಬೆಳ್ಳಗಾಗುತ್ತದೆ. ಎಂದರೆ ಮಚ್ಚೆ ಎನ್ನುವುದು ಅದರ ಬಣ್ಣವಲ್ಲ, ವಯಸ್ಸು. ಲೋಕದ ಮರದ ಕುದುರೆಗಳಲ್ಲಿ ಎಷ್ಟೋ ಆ ಒಂದೇ ವಯಸ್ಸಿನಲ್ಲಿ ನಿಂತುಬಿಟ್ಟಿವೆ. ಬಟ್ಟೆಯ ಉಂಡೆಯನ್ನು ಕಪ್ಪಿನಲ್ಲಿ ಅದ್ದಿ ಸೊಂಟದ ಮೇಲೆ ಒತ್ತುವಾಗ ಇದೇ ತಲೆಯಲ್ಲಿ ಸುತ್ತುತ್ತಿತ್ತು. ನಾನು ನಿಲ್ಲಿಸುತ್ತಿದ್ದರೆ ಅತ್ತ ಅವಳು ಬೆಳೆಯುತ್ತಿದ್ದಳು.

ಕೆಳಗೆ ಬಿಲ್ಲಿನಂತೆ ಬಾಗಿದ ಪಟ್ಟಿಗಳ ಮೇಲೆ ತೂಗುವ ಕುದುರೆ ನೋಡಲು ಚೆಂದ. ಆದರೆ ಜೋರಾಗಿ ಆಡಿದರೆ ಅದು ಇಡೀ ಕೋಣೆ ಸುತ್ತುತ್ತದೆ, ಪಕ್ಕದಲ್ಲಿ ಕೂತ ಕೂಸಿನ ಬೆರಳನ್ನು ಅರೆಯುತ್ತದೆ, ಒಮ್ಮೊಮ್ಮೆ ಮಗುಚಿಯೂ ಬೀಳುತ್ತದೆ. ಅಮೆರಿಕದ ಸಿನ್ಸಿನಾಟಿಯ ಫಿಲಿಪ್ ಮಾರ್ಕ್ವಾ ಎಂಬಾತ 1880ರಲ್ಲಿ ಪೇಟೆಂಟ್ ಪಡೆದ ಸ್ಟ್ಯಾಂಡು ಈ ತೊಂದರೆಗೆ ಮದ್ದು. ನೆಲದ ಮೇಲೆ ಅಲುಗದೆ ನಿಂತ ಚೌಕಟ್ಟು, ಅದರ ಮೇಲಿಂದ ಬಾಗಿದ ಕಬ್ಬಿಣದ ಸರಳುಗಳಲ್ಲಿ ಇಳಿಬಿಟ್ಟ ಕುದುರೆ. ಹಿಂದೆ ಮುಂದೆ ಓಲಾಡುತ್ತದೆ, ಇದ್ದ ಜಾಗ ಬಿಡುವುದಿಲ್ಲ. ಲಂಡನ್ನಿನ ಎಫ್. ಎಚ್. ಏರ್ಸ್, ಜಿ. ಅಂಡ್ ಜೆ. ಲೈನ್ಸ್‌ನಂಥ ಹೆಸರಾಂತ ತಯಾರಕರೂ ಇಂಥ ಸ್ಟ್ಯಾಂಡಿಗೇ ಬಂದರು. ನಾನೂ ಅದನ್ನೇ ಮಾಡಿದೆ. ಸ್ಟ್ಯಾಂಡಿನ ಎದೆಗೆ ಒಂದು ಹಿತ್ತಾಳೆಯ ಫಲಕ ಕೂರಿಸುವ ಜಾಗ ಇರುತ್ತದೆ. ಯಾರ ನೆನಪಿಗೆ, ಯಾವ ದಿನ ಎಂದು ಕೊರೆಸುವುದು ಅದರ ಮೇಲೇ.

ಫಲಕವನ್ನು ಮಗು ಹುಟ್ಟಿದ ವಾರವೇ ಉತ್ಸಾಹದಲ್ಲಿ ಕೊರೆಸಿಟ್ಟಿದ್ದೆ: ಅವಳ ಹೆಸರು, ಹುಟ್ಟಿದ ದಿನ. ಮೂರು ವರ್ಷ ಕಳೆದು ಕುದುರೆ ಮುಗಿದಾಗ ಅದನ್ನು ತಿರುಪು ಹಾಕಿ ಬಿಗಿಯುತ್ತಿದ್ದೆ. ಮೇಷ್ಟ್ರು ಕನ್ನಡಕ ಏರಿಸಿ ಓದಿ "ಆವತ್ತು ಎಲ್ಲಿತ್ತಯ್ಯಾ ಇದು?" ಅಂದರು. ತಮಾಷೆಗೇ ಅಂದದ್ದು. ಆದರೂ ನಾಟಿತು. ಆ ದಿನ ಇದು ಕ್ಲಾಂಪಿನಲ್ಲಿ ಸಿಕ್ಕಿಕೊಂಡ, ತಲೆಯಿಲ್ಲದ ಪೆಟ್ಟಿಗೆ. ಫಲಕದ ಮೇಲಿನ ದಿನ ಒಂದು, ಹೊಟ್ಟೆ ಮುಚ್ಚಿದ ದಿನ ಒಂದು, ಬಣ್ಣ ಆರಿದ ದಿನ ಇನ್ನೊಂದು. ಮೂರರಲ್ಲಿ ಲೋಕಕ್ಕೆ ಕಾಣುವುದು ಕುದುರೆಗೆ ಸಂಬಂಧವೇ ಇಲ್ಲದ್ದು. ಸ್ಮಾರಕಗಳ ಮೇಲಿನ ತಾರೀಖುಗಳನ್ನು ಅಂದಿನಿಂದ ನಾನು ಸ್ವಲ್ಪ ಅನುಮಾನದಿಂದಲೇ ಓದುತ್ತೇನೆ.

ಹತ್ತಬೇಡ, ಹಾಳಾಗುತ್ತೆ

ತಲುಪಿಸಿದ ದಿನ ಭಾವ ಎರಡು ಸಲ ಕುದುರೆಯ ಸುತ್ತ ಬಂದರು. "ಇದನ್ನ ಆಡೋಕೆ ಕೊಡೋದಾ?" ಎಂದು ಕೇಳಿದ ಧಾಟಿಯಲ್ಲೇ ಅವರ ಉತ್ತರ ಇತ್ತು. ಬಾಲಕ್ಕೆ ನಿಜವಾದ ಕುದುರೆಗೂದಲು, ಗಾಜಿನ ಕಣ್ಣು, ಚರ್ಮದ ಜೀನು. ಕೊಡುವಾಗ ನನಗೂ ಒಳಗೊಳಗೇ ಅದೇ ಆಸೆ ಇದ್ದಿರಬೇಕು. ಇಲ್ಲದಿದ್ದರೆ "ಶೂ ಹಾಕ್ಕೊಂಡು ಹತ್ತಬಾರದು ಪುಟ್ಟೀ" ಎಂದು ಮೂರು ವರ್ಷದ ಮಗುವಿಗೆ ಅಷ್ಟು ಸಲ ಯಾಕೆ ಹೇಳುತ್ತಿದ್ದೆ? ಮುಂದಿನ ಸಲ ಹೋದಾಗ ಕುದುರೆಯ ಮೇಲೆ ಹೊದಿಕೆ ಬಿದ್ದಿತ್ತು. ಮಗು ಅದರ ಪಕ್ಕದಲ್ಲಿ ನೆಲದ ಮೇಲೆ ಕೂತು ಪ್ಲಾಸ್ಟಿಕ್ಕಿನ ಡಬ್ಬಿಯನ್ನು ಕುದುರೆ ಮಾಡಿಕೊಂಡು ಓಡಿಸುತ್ತಿದ್ದಳು.

ಬರಾಕ್ ಒಬಾಮಾ ಅವರು 2013ರಲ್ಲಿ ಬ್ರಿಟನ್ನಿನ ರಾಜಕುಮಾರ ಜಾರ್ಜ್ ಹುಟ್ಟಿದಾಗ ಕೈಯಲ್ಲಿ ಮಾಡಿಸಿದ ಒಂದು ಮರದ ತೂಗುಕುದುರೆಯನ್ನು ಉಡುಗೊರೆ ಕೊಟ್ಟಿದ್ದರು. ದೇಶ ದೇಶಗಳ ನಡುವಿನ ಉಡುಗೊರೆ ಎಂದರೆ ಗಾಜಿನ ಪೆಟ್ಟಿಗೆ ಸೇರುವಂಥದ್ದು ತಾನೇ? 2016ರ ಏಪ್ರಿಲ್‌ನಲ್ಲಿ ಒಬಾಮಾ ದಂಪತಿ ಕೆನ್ಸಿಂಗ್ಟನ್ ಅರಮನೆಗೆ ಹೋದಾಗಿನ ಚಿತ್ರಗಳಲ್ಲಿ, ಇನ್ನೂ ಮೂರು ತುಂಬದ ಆ ಹುಡುಗ ಮಲಗುವ ಉಡುಪಿನ ಮೇಲೆ ಬಿಳಿ ನಿಲುವಂಗಿ ತೊಟ್ಟು ಅದೇ ಕುದುರೆಯ ಮೇಲೆ ಕೂತಿದ್ದಾನೆ. ಎಲ್ಲರೂ ಆ ನಿಲುವಂಗಿಯ ಬಗ್ಗೆಯೇ ಮಾತಾಡಿದರು. ನಾನು ನೋಡಿದ್ದು ಹತ್ತಿ ಕೂತದ್ದನ್ನು. ಆ ಚಿತ್ರವನ್ನು ಭಾವನ ಫೋನಿಗೆ ಕಳಿಸಿದೆ, ಜೊತೆಗೆ ಒಂದು ಮಾತೂ ಬರೆಯಲಿಲ್ಲ. ವಾರದೊಳಗೆ ಹೊದಿಕೆ ಹೋಯಿತು. ತಿಂಗಳೊಳಗೆ ಕಡಿವಾಣ ಕಿತ್ತುಬಂತು, ಬಾಲ ಅರ್ಧವಾಯಿತು, ಕತ್ತಿನ ಬಣ್ಣ ಅವಳು ತಬ್ಬಿಕೊಳ್ಳುವ ಜಾಗದಲ್ಲಿ ಸವೆದು ಕೆಳಗಿನ ಬಿಳಿ ಇಣುಕಿತು. ಸವೆತ ನೋಡಿ ಸಂತೋಷವಾಯಿತು ಎಂದು ಬರೆದರೆ ಸುಳ್ಳು. ಆ ಬಾಲಕ್ಕೆ ನಾನು ಎರಡು ದಿನ ಕೂತಿದ್ದೆ.

ಬೋರಲು

ಮೂರು ವಾರ ಸದ್ದು ಕೇಳಿಸಿಕೊಂಡು ತಡೆಯಲಾರದೆ ಒಂದು ಭಾನುವಾರ ಹೊರಟೆ. ಚೀಲದಲ್ಲಿ ಸಣ್ಣ ಗರಗಸ, ಉಳಿ, ಅಂಟಿನ ಡಬ್ಬಿ, ಟಾರ್ಚು. ಬೇಕಾದರೆ ಜೀನಿನ ಕೆಳಗೆ, ಕಾಣದ ಕಡೆ, ಒಂದು ಕಿಟಕಿ ಕುಯ್ದು ನೋಡುವುದೆಂದು ನಿಶ್ಚಯಿಸಿದ್ದೆ. ಹೋಗಿ ನೋಡಿದರೆ ಐದು ವರ್ಷದ ಪುಟ್ಟಿ ಕುದುರೆಯ ಮೇಲಿರಲಿಲ್ಲ. ಕೆಳಗೆ ಅಂಗಾತ ಮಲಗಿದ್ದಳು, ಗಾಡಿ ರಿಪೇರಿ ಮಾಡುವವರ ಹಾಗೆ.

"ಏನೇ ಮಾಡ್ತಿದ್ದೀಯ ಅಲ್ಲಿ?"

"ಊಟ ಹಾಕ್ತಿದ್ದೀನಿ ಮಾಮ."

ನಾನೂ ಅವಳ ಪಕ್ಕ ಮಲಗಿದೆ. ಕುದುರೆ ಕೊಟ್ಟು ಎರಡು ವರ್ಷವಾಗಿತ್ತು, ಅದನ್ನು ಕೆಳಗಿನಿಂದ ನಾನು ಒಮ್ಮೆಯೂ ನೋಡಿರಲಿಲ್ಲ. ಬೆಳ್ಳನೆಯ ಮೈಯ ನಡುವೆ ಕಂದು ಹಲಗೆ, ಅದರ ನಡುವೆ ಬಾಯಿ ತೆರೆದ ತೂತು. ಬಿರಡೆ ಇರಲಿಲ್ಲ. "ಇದು ಅದರ ಹೊಕ್ಕುಳು" ಎಂದು ತೋರಿಸಿ, ಅಂಗಿ ಎತ್ತಿ ತನ್ನದನ್ನೂ ತೋರಿಸಿದಳು. "ಮೊದಲು ಮುಚ್ಚಿತ್ತು. ನಾನು ಒತ್ತಿದೆ, ಒಳಗೆ ಹೋಯ್ತು." ಹಾಗೆ ಹೇಳುತ್ತಲೇ ಮುಷ್ಟಿಯಲ್ಲಿದ್ದ ಒಂದು ಕೆಂಪು ಮಣಿಯನ್ನು ತೂತಿಗಿಟ್ಟು ಕಿರುಬೆರಳಿನಿಂದ ತಳ್ಳಿದಳು. ಲೊಟ್.

ಅಂಟು ಹಾಕಿರಲಿಲ್ಲ ಎನ್ನುವುದು ಅಲ್ಲಿಗೆ ಖಾತ್ರಿಯಾಯಿತು.

ಹಳೆಯ ಕುದುರೆಗಳನ್ನು ದುರಸ್ತಿ ಮಾಡುವವರಿಗೆ ಇದು ಹೊಸದೇನಲ್ಲ. ಜೀನಿನ ಮುಂದಿನ ಗುಬುಟು ಕಿತ್ತುಹೋದ ತೂತಿನಿಂದ, ಬಾಲ ಉದುರಿದ ತೂತಿನಿಂದ ಮಕ್ಕಳು ಸಿಕ್ಕಿದ್ದನ್ನೆಲ್ಲ ತುರುಕಿರುತ್ತಾರೆ. ಯಾವುದೋ ಕಾಲದ ನಾಣ್ಯ, ಗುಂಡಿ, ಆಟದ ಸಾಮಾನಿನ ಕೈಕಾಲು ಎಲ್ಲ ಆ ಹೊಟ್ಟೆಗಳಿಂದ ಬರುತ್ತವೆ. ಇದನ್ನು ನಾನು ಓದಿಯೂ ಇದ್ದೆ. ನನ್ನ ಕುದುರೆಗೂ ಹೀಗಾಗಬಹುದು ಎಂದು ಮಾತ್ರ ಹೊಳೆದಿರಲಿಲ್ಲ, ಯಾಕೆಂದರೆ ಅದರ ಹೊಟ್ಟೆ ನಾನಾಗಲೇ ತುಂಬಿಸಿ ಮುಚ್ಚಿಬಿಟ್ಟಿದ್ದೆನಲ್ಲ.

ಅಕ್ಕನಿಗೆ ವಿಷಯ ಗೊತ್ತಾದದ್ದೇ ತಡ, ಆರು ತಿಂಗಳಿಂದ ಕಾಣೆಯಾದ ಸಾಮಾನುಗಳ ಪಟ್ಟಿಯೇ ಹೊರಬಂತು. ಸ್ಟ್ಯಾಂಡಿನಿಂದ ಕುದುರೆಯನ್ನು ಬಿಚ್ಚಿ, ಭಾವ ಮುಂಗಾಲು ನಾನು ಹಿಂಗಾಲು ಹಿಡಿದು ಹಾಸಿಗೆಯ ಎರಡು ತುದಿಯಲ್ಲಿ ನಿಂತು, ನೆಟ್ಟಗೇ ಎತ್ತಿ ಹೊಯ್ದಾಡಿಸಿದೆವು. ಕಾಸು ಕೂಡಿಡುವ ಮಣ್ಣಿನ ಕುಡಿಕೆಯಿಂದ ಕಡ್ಡಿ ಹಾಕಿ ಕಾಸು ಉದುರಿಸುತ್ತಿದ್ದೆವಲ್ಲ, ಅದೇ ತಾಳ್ಮೆ ಇದಕ್ಕೂ ಬೇಕು. ಒಳಗೆಲ್ಲ ಉರುಳುತ್ತದೆ, ತೂತಿಗೆ ಮಾತ್ರ ಬರುವುದಿಲ್ಲ. ಅರ್ಧ ಗಂಟೆಯಲ್ಲಿ ಬಿದ್ದದ್ದು: ಒಂಬತ್ತು ಮಣಿ, ಭಾವನ ಅಂಗಿಯ ಮೂರು ಗುಂಡಿ, ಮೊಂಡು ಪೆನ್ಸಿಲ್ಲಿನ ತುದಿ, ಒಂದು ಸೂಟ್‌ಕೇಸಿನ ಬೀಗದ ಕೈ. ಆ ಸೂಟ್‌ಕೇಸಿನ ಬೀಗವನ್ನು ಭಾವ ಯಾವತ್ತೋ ಒಡೆಸಿಯಾಗಿತ್ತು. ಕೀಲಿಕೈಯನ್ನು ಅವರು ಅಂಗೈಯಲ್ಲಿಟ್ಟುಕೊಂಡು ನೋಡಿದ ರೀತಿಗೆ ಅಕ್ಕ ಬಿದ್ದು ಬಿದ್ದು ನಕ್ಕಳು. ನನ್ನ ಬಿರಡೆ ಬರಲಿಲ್ಲ. ಚೌಕ ಮೊಳೆಯೂ ಬರಲಿಲ್ಲ; ಬೆನ್ನಿನ ಒಳಗೆ ಕಟ್ಟಿದ ಕಡೆಯೇ ಇರಬೇಕು. ತೂತಿಗೆ ಟಾರ್ಚು ಹಿಡಿದರೆ ಕತ್ತಲೆಯಲ್ಲಿ ಬಟ್ಟೆಯ ಅಂಚಿನಂಥದ್ದು ಮಸುಕಾಗಿ ಕಂಡಿತು, ಅಥವಾ ಹಾಗೆ ಕಾಣಬೇಕೆಂದು ನಾನೇ ನೋಡಿದೆ.

ಕೊನೆಯಲ್ಲಿ ಬಂದದ್ದು ಒಂದು ಕಾಗದದ ಸುರುಳಿ. ಅರ್ಧ ಹೊರಗೆ ಬಂದು ತೂತಿನಲ್ಲೇ ಸಿಕ್ಕಿಕೊಂಡಿತು. ನನ್ನ ಕೈ ತಣ್ಣಗಾಯಿತು. ಹತ್ತಿರ ಹೋಗಿ ನೋಡಿದರೆ ಗೆರೆ ಹಾಕಿದ ನೋಟ್‌ಬುಕ್ಕಿನ ಕಾಗದ, ನೀಲಿ ಕ್ರೇಯಾನು. ನಾನು ಬರೆದದ್ದು ಗೆರೆಯಿಲ್ಲದ ಬಿಳಿ ಹಾಳೆಯ ಮೇಲೆ.

"ಅದನ್ನ ತೆಗೀಬೇಡಿ" ಎಂದು ಪುಟ್ಟಿ ಚೀರಿದಳು. "ಅದು ಕುದುರೇದು."

"ಏನು ಬರೆದಿದ್ದೀಯೇ?" ಅಕ್ಕ ಕೇಳಿದಳು. ಅವಳು ಬಾಯಿ ಬಿಡಲಿಲ್ಲ. ಅಕ್ಕ ನನ್ನ ಕಡೆ ನೋಡಿದಳು, ಎಳಿ ಎನ್ನುವಂತೆ. ಪೆನ್ಸಿಲ್ ತುದಿಯಿಂದ ಸುರುಳಿಯನ್ನು ನಾನು ಮೆಲ್ಲಗೆ ಒಳಕ್ಕೆ ತಳ್ಳಿದೆ.

ಕುದುರೆಯನ್ನು ಮತ್ತೆ ಸ್ಟ್ಯಾಂಡಿಗೆ ಬಿಗಿಯುವಷ್ಟರಲ್ಲಿ ಅವಳು ನೆಲದ ಮೇಲಿನ ಮಣಿಗಳನ್ನು ಆರಿಸಿಕೊಂಡು ಅದರ ಕೆಳಗೆ ಸೇರಿಯಾಗಿತ್ತು. ಒಂದೊಂದಾಗಿ ಹಾಕುತ್ತ ಎಣಿಸುತ್ತಿದ್ದಳು, ಏಳು ಆದ ಮೇಲೆ ಒಂಬತ್ತು, ಆಮೇಲೆ ಮತ್ತೆ ಏಳು. ಬೀಗದ ಕೈಯನ್ನೂ ಭಾವನ ಕೈಯಿಂದ ಇಸಿದುಕೊಂಡಿದ್ದಳು. "ಬಂದದ್ದಕ್ಕೆ ಆ ತೂತಿಗೆ ಒಂದು ಬಿರಡೆನಾದರೂ ಹೊಡೆದು ಹೋಗೋ" ಎಂದಳು ಅಕ್ಕ.

"ಅಂಟು ತಂದಿಲ್ಲ ಕಣೇ, ಮುಂದಿನ ಸಲ" ಅಂದೆ. ಡಬ್ಬಿ ಚೀಲದೊಳಗೆ, ಗರಗಸದ ಕೆಳಗೇ ಇತ್ತು.